ಕಾಜಿರಂಗದ ಇನ್ನರ್ಧ

ಹೊರಟವಳು: ಮೇಷ್ಟ್ರೇ, ಫೆಬ್ರವರಿಯಲ್ಲಿ ಕಾಜಿರಂಗಕ್ಕೆ ಹೋಗುವುದು ಗಟ್ಟಿಯಾಯಿತು. ಗುವಾಹಟಿಯವರೆಗೆ ವಿಮಾನ, ಅಲ್ಲಿಂದ ಮುಂದೆ ರಸ್ತೆ, ಕೊಹೊರಾದಲ್ಲಿ ವಾಸ್ತವ್ಯ. ಬಾಗೋರಿ ವಲಯದಲ್ಲಿ ಒಂದು ಜೀಪ್ ಸಫಾರಿ, ಅಗರಾತೊಲಿಯಲ್ಲಿ ಇನ್ನೊಂದು. ಪ್ರಪಂಚದಲ್ಲಿ ಉಳಿದಿರುವ ಒಂಟಿಕೊಂಬಿನ ಖಡ್ಗಮೃಗಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಈ ಒಂದೇ ಕಾಡಿನಲ್ಲಿವೆ. ಅಷ್ಟು ಅಪರೂಪದ, ಅಷ್ಟು ದೊಡ್ಡ ಪ್ರಾಣಿಯನ್ನು ಅದರ ನೆಲೆಯಲ್ಲೇ ನೋಡಬೇಕೆಂಬ ಆಸೆ ಯಾರಿಗಿರುವುದಿಲ್ಲ? ನೀವು ನೋಡಿದರೆ ಇದನ್ನು ಅರ್ಧ ಪ್ರವಾಸ ಎನ್ನುತ್ತೀರಿ. ಉಳಿದರ್ಧ ಎಲ್ಲಿದೆ, ಹೇಳಿ.

ಮೇಷ್ಟ್ರು: ಲೆಕ್ಕ ಹಾಕಿಯೇ ಅರ್ಧ ಎಂದೆ. ಕಾಜಿರಂಗದ ಬಾಗಿಲು ಪ್ರವಾಸಿಗರಿಗೆ ತೆರೆಯುವುದು ಅಕ್ಟೋಬರಿನಲ್ಲಿ, ಮುಚ್ಚುವುದು ಮುಂಗಾರಿಗೆ ಮುಂಚೆ. ಮುಚ್ಚಿರುವ ತಿಂಗಳುಗಳಲ್ಲಿ ಬ್ರಹ್ಮಪುತ್ರ ಉಕ್ಕಿ ಒಳಗೆ ಬರುತ್ತದೆ. ದೊಡ್ಡ ನೆರೆಯ ವರ್ಷಗಳಲ್ಲಿ ಉದ್ಯಾನದ ಮುಕ್ಕಾಲು ಪಾಲಿಗಿಂತ ಹೆಚ್ಚು ನೆಲ ನೀರಿನಡಿ ಹೋಗುತ್ತದೆ. ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡು. ಉತ್ತರಕ್ಕೆ ನದಿ, ನದಿಯ ದಕ್ಷಿಣ ದಡಕ್ಕೆ ಅಂಟಿಕೊಂಡ ತಗ್ಗಿನ ಹುಲ್ಲುಗಾವಲು, ಅದರ ದಕ್ಷಿಣ ಅಂಚಿನಲ್ಲಿ ರಾಷ್ಟ್ರೀಯ ಹೆದ್ದಾರಿ, ಹೆದ್ದಾರಿ ದಾಟಿದರೆ ಕಾರ್ಬಿ ಆಂಗ್ಲಾಂಗ್ ಬೆಟ್ಟಗಳು. ನೀರು ಉತ್ತರದಿಂದ ಏರಿದಾಗ ಪ್ರಾಣಿಗಳು ದಕ್ಷಿಣಕ್ಕೆ ಸರಿಯಬೇಕು, ರಸ್ತೆ ದಾಟಬೇಕು, ಬೆಟ್ಟ ಹತ್ತಬೇಕು. ಬಾಗಿಲು ಮುಚ್ಚಿರುವ ಆ ತಿಂಗಳುಗಳಲ್ಲಿ ಕಾಜಿರಂಗ ತನ್ನ ಗಡಿಯ ಆಚೆಗೂ ಹರಡಿಕೊಂಡಿರುತ್ತದೆ. ನೀನು ಫೆಬ್ರವರಿಯಲ್ಲಿ ನೋಡುವುದು ಒಣಗಿದ ಕಾಜಿರಂಗ, ಅದರ ವರ್ಷದ ಅರ್ಧ. ಗೇಟಿನ ಒಳಗೆ ನೋಡುವುದು ಅದರ ನೆಲದ ಅರ್ಧ. ನನ್ನ ವಾದ ಇಷ್ಟೇ: ಗಡಿಯೊಳಗಿನ ನೆಲವೊಂದನ್ನೇ ಕಾಪಾಡಿ ಈ ಪ್ರಾಣಿಯನ್ನು ಉಳಿಸಿಕೊಳ್ಳಲಾಗದು. ಅದರ ಅಳಿವು ಉಳಿವು ರಸ್ತೆಯಾಚೆಯ ನೆಲದ ಮೇಲೂ ನಿಂತಿದೆ, ಆ ನೆಲ ಯಾವ ಸಫಾರಿ ಟಿಕೆಟ್ಟಿನಲ್ಲೂ ಸೇರಿಲ್ಲ.

ಹೊರಟವಳು: ಕೇಳಲು ಚೆನ್ನಾಗಿದೆ. ಆದರೆ ಚರಿತ್ರೆ ನಿಮ್ಮ ಪರ ಸಾಕ್ಷಿ ಹೇಳುವಂತೆ ಕಾಣುವುದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಿಕಾರಿಯಿಂದಾಗಿ ಇಲ್ಲಿ ಬೆರಳೆಣಿಕೆಯ ಖಡ್ಗಮೃಗಗಳು ಉಳಿದಿದ್ದವು. 1905ರಲ್ಲಿ ಇದನ್ನು ಮೀಸಲು ಅರಣ್ಯ ಮಾಡುವ ಪ್ರಸ್ತಾಪ ಬಂತು, 1908ರಲ್ಲಿ ಅದು ಜಾರಿಯಾಯಿತು. 1950ರಲ್ಲಿ ವನ್ಯಜೀವಿಧಾಮ, 1974ರಲ್ಲಿ 430 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನ, 1985ರಲ್ಲಿ ಯುನೆಸ್ಕೋ ಪಟ್ಟಿ. ಗಡಿ ಗುರುತಿಸಿದರು, ಕಾವಲು ಹಾಕಿದರು, ಬೇಟೆಗಾರರನ್ನು ಹೊರಗಿಟ್ಟರು. ಫಲವೇನು? 1966ರ ಎಣಿಕೆಯಲ್ಲಿ 366 ಇದ್ದದ್ದು 1999ಕ್ಕೆ 1552 ಆಯಿತು, 2022ಕ್ಕೆ 2613. ಹದಿನಾರು ತಿಂಗಳು ಗರ್ಭ ಹೊತ್ತು ಒಂದೇ ಮರಿ ಹಾಕುವ ಪ್ರಾಣಿಯ ಸಂಖ್ಯೆ ಹೀಗೆ ಏರಿದೆಯೆಂದರೆ ಅದು ಕೋಟೆ ಕಟ್ಟಿ ಕಾದದ್ದರ ಗೆಲುವಲ್ಲವೇ? ಗಡಿಯಾಚೆಯ ಬೆಟ್ಟದ ಪಾತ್ರ ಇದರಲ್ಲಿ ಎಲ್ಲಿದೆ?

ಮೇಷ್ಟ್ರು: ಕಾವಲಿನ ಗೆಲುವನ್ನು ನಾನು ಅಲ್ಲಗಳೆಯುವುದಿಲ್ಲ. 2013, 2014ರ ಸುಮಾರಿಗೆ ಕಾಜಿರಂಗದಲ್ಲಿ ಕೊಂಬಿಗಾಗಿ ಕೊಲ್ಲುವವರ ಹಾವಳಿ ಮಿತಿಮೀರಿತ್ತು; 2022ರಲ್ಲಿ ಇಡೀ ಅಸ್ಸಾಮಿನಲ್ಲಿ ಕಳ್ಳಬೇಟೆಗೆ ಒಂದು ಖಡ್ಗಮೃಗವೂ ಬಲಿಯಾಗಲಿಲ್ಲ. ಜೌಗಿನ ನಡುವೆ ಶಿಬಿರಗಳಲ್ಲಿ, ಸುತ್ತ ನೀರು ನಿಂತಾಗಲೂ ಜಾಗ ಬಿಡದೆ ಉಳಿಯುವ ಕಾವಲುಗಾರರ ದುಡಿಮೆ ಅದು. 2021ರ ಸೆಪ್ಟೆಂಬರಿನಲ್ಲಿ ಬೊಕಾಖಾತಿನಲ್ಲಿ ಸರ್ಕಾರ ದಾಸ್ತಾನಿನಲ್ಲಿದ್ದ 2479 ಕೊಂಬುಗಳನ್ನು ಸುಟ್ಟುಹಾಕಿ, ಕೂದಲು ಉಗುರುಗಳ ಜಾತಿಯ ಈ ವಸ್ತುವಿಗೆ ಔಷಧದ ಬೆಲೆಯಿಲ್ಲ ಎಂದು ಸಾರಿದ್ದೂ ಒಳ್ಳೆಯದೇ ಆಯಿತು. ಆದರೆ ಕೋಟೆಯೊಂದೇ ಸಾಕು ಎನ್ನುವವರು ಮಾನಸವನ್ನು ಮರೆಯುತ್ತಾರೆ. ಅದೂ ಅಸ್ಸಾಮಿನ ಕಾಡು, ಅದಕ್ಕೂ ಗಡಿಯಿತ್ತು, ಕಾನೂನಿತ್ತು, ಕಾಜಿರಂಗಕ್ಕೆ ಸಿಕ್ಕ 1985ರಲ್ಲೇ ಯುನೆಸ್ಕೋ ಮನ್ನಣೆಯೂ ಸಿಕ್ಕಿತ್ತು. ಸುತ್ತಲಿನ ಬೋಡೋ ನಾಡು ಗಲಭೆಯಲ್ಲಿ ಬೆಂದ ವರ್ಷಗಳಲ್ಲಿ ಕಾವಲು ಕುಸಿಯಿತು, ಅಲ್ಲಿನ ಖಡ್ಗಮೃಗಗಳು ಒಂದೂ ಉಳಿಯಲಿಲ್ಲ. ಆಮೇಲೆ 2008ರಿಂದ ಪೊಬಿತೊರಾ ಅಭಯಾರಣ್ಯ ಮತ್ತು ಕಾಜಿರಂಗದಿಂದ ಪ್ರಾಣಿಗಳನ್ನು ತಂದು ಬಿಟ್ಟು ಮತ್ತೆ ಸಂತತಿ ಬೆಳೆಸಬೇಕಾಯಿತು. ಹೊರಗಿನ ಊರು ನೆಮ್ಮದಿಯಾಗಿಲ್ಲದಿದ್ದರೆ ಒಳಗಿನ ಕಾಡು ಎಷ್ಟು ದಿನ ನಿಂತೀತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಇನ್ನು ಕಾಜಿರಂಗದ ಅಂಕಿಗಳು. ಆ ಸಂಖ್ಯೆ ಏರಿದ ದಶಕಗಳಲ್ಲಿ ಹೆಚ್ಚು ಕಾಲ ರಸ್ತೆಯಲ್ಲಿ ವಾಹನ ಕಡಿಮೆಯಿತ್ತು, ರಸ್ತೆಬದಿಯಲ್ಲಿ ಹೋಟೆಲುಗಳ ಸಾಲಿರಲಿಲ್ಲ. ಬೆಟ್ಟ ತೆರೆದಿದ್ದ ಕಾಲದ ಗೆಲುವನ್ನು ತೋರಿಸಿ, ಬೆಟ್ಟ ಮುಚ್ಚಿದರೂ ನಡೆದೀತು ಎನ್ನುವುದು ಸರಿಯಾದ ತರ್ಕವಲ್ಲ. ಕಾವಲುಗಾರನ ಬಂದೂಕು ಇನ್ನೊಂದು ಬಂದೂಕನ್ನು ತಡೆದೀತು. ಏರುವ ನೀರಿಗೆ ಅವನು ಏನು ಮಾಡಿಯಾನು?

ಹೊರಟವಳು: ಹಾಗಿದ್ದರೆ ನೀರನ್ನೇ ತಡೆಯಬಹುದಲ್ಲ? 2024ರ ಜುಲೈ ನೆರೆಯಲ್ಲಿ ಅಲ್ಲಿ ಇನ್ನೂರರ ಆಸುಪಾಸು ಪ್ರಾಣಿಗಳು ಸತ್ತವೆಂದು ಓದಿದ್ದೇನೆ. ಬಹುಪಾಲು ಹಂದಿಜಿಂಕೆಗಳು, ಖಡ್ಗಮೃಗಗಳೂ ಇದ್ದವು. ತಾಯಿಯಿಂದ ಅಗಲಿದ ಮರಿಗಳನ್ನು ಸಾಕಿ ಉಳಿಸಲೆಂದೇ 2002ರಿಂದ ಪಕ್ಕದಲ್ಲಿ ಒಂದು ಪುನರ್ವಸತಿ ಕೇಂದ್ರ ನಡೆಯುತ್ತಿದೆ. ಇಷ್ಟೊಂದು ಜೀವ ತೆಗೆಯುವ ನೆರೆಗೆ ಒಡ್ಡು ಕಟ್ಟಿ, ಉದ್ಯಾನವನ್ನು ಒಣಗಿಟ್ಟರೆ ಯಾವ ಪ್ರಾಣಿಯೂ ರಸ್ತೆ ದಾಟಬೇಕಾಗಿಲ್ಲ, ಬೆಟ್ಟದ ಪ್ರಶ್ನೆಯೂ ಏಳುವುದಿಲ್ಲ. ಇಂಜಿನಿಯರಿಂಗಿನಲ್ಲಿ ಮುಗಿಯುವ ಕೆಲಸಕ್ಕೆ ನೀವು ಇಡೀ ಜಿಲ್ಲೆಯ ಭೂನೀತಿಯನ್ನೇ ಬದಲಿಸಲು ಹೊರಟಂತಿದೆ.

ಮೇಷ್ಟ್ರು: ನೆರೆಯನ್ನು ನಿಲ್ಲಿಸಿದರೆ ಕಾಜಿರಂಗ ಕೆಲವೇ ದಶಕಗಳಲ್ಲಿ ಇನ್ನೊಂದು ಕಾಡಾಗುತ್ತದೆ, ಖಡ್ಗಮೃಗಕ್ಕೆ ಒಗ್ಗದ ಕಾಡು. ಈ ಪ್ರಾಣಿ ದಟ್ಟ ಮರಗಳ ನಡುವೆ ಬದುಕುವಂಥದ್ದಲ್ಲ. ಅದಕ್ಕೆ ಮೇಯಲು ಎಳೆಹುಲ್ಲು ಬೇಕು, ಅಡಗಲು ಆಳೆತ್ತರದ ಹುಲ್ಲು ಬೇಕು, ಹೊರಳಲು ಕೆಸರು ಬೇಕು, ಬೇಸಿಗೆಯಲ್ಲೂ ನೀರಿರುವ ಕೆರೆಗಳು, ಅಲ್ಲಿನವರ ಮಾತಿನಲ್ಲಿ ಬೀಲ್‌ಗಳು ಬೇಕು. ಈ ನಾಲ್ಕನ್ನೂ ಮಾಡಿಕೊಡುವುದು ನೆರೆ. ವರ್ಷವರ್ಷವೂ ಹೊಸ ಮೆಕ್ಕಲು ತಂದು ಹರಡುತ್ತದೆ. ಬೀಲ್‌ಗಳಲ್ಲಿ ಹೆಣೆದುಕೊಂಡ ಅಂತರಗಂಗೆಯನ್ನು ಕಿತ್ತು ಹೊರಗೆ ಸಾಗಿಸುತ್ತದೆ. ನದಿಯ ಮೀನುಗಳನ್ನು ಮರಿಮಾಡಲು ಒಳಗೆ ಬಿಡುತ್ತದೆ. ಬೇರೂರಲು ನೋಡುವ ಮರದ ಸಸಿಗಳನ್ನು ಮುಳುಗಿಸಿ ಕೊಲ್ಲುತ್ತದೆ. ನೆರೆ ಮಾಡಿ ಉಳಿಸಿದ ಕೆಲಸವನ್ನು ಬೆಂಕಿ ಮುಗಿಸುತ್ತದೆ. ಚಳಿಗಾಲದ ಕೊನೆಗೆ ಇಲಾಖೆಯವರೇ ಒಣಹುಲ್ಲಿಗೆ ಲೆಕ್ಕವಿಟ್ಟು ಬೆಂಕಿ ಕೊಡುತ್ತಾರೆ, ಹೊಸ ಚಿಗುರು ಬರುತ್ತದೆ. ನೀನು ಫೆಬ್ರವರಿಯನ್ನು ಆರಿಸಿಕೊಂಡದ್ದೂ ಅದಕ್ಕೇ ಅಲ್ಲವೇ, ಹುಲ್ಲು ಸುಟ್ಟಮೇಲೆ ಪ್ರಾಣಿ ಚೆನ್ನಾಗಿ ಕಾಣುತ್ತದೆ ಎಂದು? ನೀರು, ಬೆಂಕಿ ಎರಡರಲ್ಲಿ ಒಂದು ತಪ್ಪಿದರೂ ಹುಲ್ಲುಗಾವಲು ಮರಗಾಡಿನ ಕಡೆ ವಾಲುತ್ತದೆ. ಇನ್ನು ಒಡ್ಡಿನ ಮಾತು. 1950ರ ಆಗಸ್ಟ್ 15ರ ಭಾರಿ ಭೂಕಂಪದಲ್ಲಿ ಬೆಟ್ಟಗಳು ಕುಸಿದು ಬ್ರಹ್ಮಪುತ್ರದ ಪಾತ್ರದಲ್ಲಿ ಅಪಾರ ಹೂಳು ತುಂಬಿತು, ನದಿಯ ತಳವೇ ಮೇಲೆದ್ದಿತು. ಆಮೇಲಿನ ದಶಕಗಳಲ್ಲಿ ಅಸ್ಸಾಮಿನುದ್ದಕ್ಕೂ ಒಡ್ಡು ಕಟ್ಟಿದರು. ಒಡ್ಡು ಒಡೆದಾಗ ಬರುವ ನೀರು ದಿನದಿನಕ್ಕೆ ಏರುವ ನೀರಿಗಿಂತ ಹೆಚ್ಚು ಕೊಲ್ಲುತ್ತದೆ ಎಂಬುದನ್ನು ಅಲ್ಲಿನ ಹಳ್ಳಿಗರು ಅನುಭವದಿಂದ ಬಲ್ಲರು. ನಿಧಾನಕ್ಕೆ ಏರುವ ನೆರೆಗೆ ಪ್ರಾಣಿಗೂ ಸುಳಿವು ಸಿಗುತ್ತದೆ. ಆನೆಗಳು ಮೊದಲೇ ಹೊರಟುಬಿಡುತ್ತವೆ. ಹಾಗಾಗಿ 2024ರ ಸಾವುಗಳಿಗೆ ನೀರೊಂದನ್ನೇ ಹೊಣೆ ಮಾಡಬೇಡ. ಸಾವಿರಾರು ವರ್ಷ ನೆರೆಯೊಡನೆ ಬಾಳಿದ ಪ್ರಾಣಿಗಳಿಗೆ ನೆರೆಯಲ್ಲಿ ಎತ್ತ ಹೋಗಬೇಕೆಂಬ ಅರಿವಿದೆ. ಹೋಗುವ ದಾರಿ ಈಗ ಹಿಂದಿನಷ್ಟು ಬಿಡುವಾಗಿಲ್ಲ.

ಹೊರಟವಳು: ದಾರಿ ಕಿರಿದಾಗಿದೆ, ಸರಿ. ಆದರೆ ಹೊರಗೆ ಹೋಗುವ ಪ್ರಮೇಯವೇ ಬರದಂತೆ ಒಳಗೇ ಎತ್ತರದ ನೆಲ ಮಾಡಿಕೊಟ್ಟರೆ? ಇಲಾಖೆ ಉದ್ಯಾನದೊಳಗೆ ಮಣ್ಣಿನ ಕೃತಕ ದಿಬ್ಬಗಳನ್ನು ಎಬ್ಬಿಸಿದೆ, ನೆರೆಯಲ್ಲಿ ಅವುಗಳ ಮೇಲೆ ಖಡ್ಗಮೃಗಗಳೂ ಜಿಂಕೆಗಳೂ ಒತ್ತೊತ್ತಾಗಿ ನಿಂತ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಇನ್ನಷ್ಟು ದಿಬ್ಬ ಕಟ್ಟಿದರೆ ಬೆಟ್ಟದ ಹಂಗು ತಪ್ಪುತ್ತದೆ.

ಮೇಷ್ಟ್ರು: ದಿಬ್ಬಗಳಿಂದ ಎಷ್ಟೋ ಜೀವ ಉಳಿದಿವೆ, ಅವು ಬೇಕು. ಆದರೆ ಒತ್ತೊತ್ತಾಗಿ ನಿಂತಿದ್ದವು ಎಂದು ನೀನೇ ಹೇಳಿದೆಯಲ್ಲ, ಅಲ್ಲೇ ಅದರ ಮಿತಿಯೂ ಇದೆ. ಎರಡು ಸಾವಿರ ಕಿಲೋ ಮೀರುವ, ದಿನವಿಡೀ ಮೇಯುವ ಪ್ರಾಣಿ ಒಂದು ದಿಬ್ಬದ ಹುಲ್ಲನ್ನು ಎಷ್ಟು ಹೊತ್ತಿನಲ್ಲಿ ಮುಗಿಸೀತು? ನೆರೆ ವಾರಗಟ್ಟಲೆ ನಿಂತರೆ, ಒಂದರ ಹಿಂದೆ ಇನ್ನೊಂದು ಅಲೆ ಬಂದರೆ ದಿಬ್ಬ ತಂಗುದಾಣವಾದೀತೇ ಹೊರತು ಮೇವಿನ ನೆಲೆಯಾಗದು. ಆನೆ ಹಿಂಡುಗಳು ದಿಬ್ಬಕ್ಕೆ ತೃಪ್ತಿಪಡುವುದಿಲ್ಲ, ಹುಲಿಗೆ ಆ ಸಂತೆಯಲ್ಲಿ ಜಾಗವಿಲ್ಲ. 2019ರ ಜುಲೈಯಲ್ಲಿ ನೆರೆಯಿಂದ ತಪ್ಪಿಸಿಕೊಂಡು ಬಂದ ಹೆಣ್ಣುಹುಲಿಯೊಂದು ಹೆದ್ದಾರಿ ಬದಿಯ ಮನೆಯ ಮಂಚದ ಮೇಲೆ ಮಲಗಿ ಹಗಲು ಕಳೆದ ಚಿತ್ರ ದೇಶವೆಲ್ಲ ಸುತ್ತಿತು. ಜನ ನಕ್ಕರು. ಅದು ಬೆಟ್ಟಕ್ಕೆ ಹೊರಟ ಪ್ರಾಣಿ ನಡುದಾರಿಯಲ್ಲಿ ಸಿಕ್ಕಿಕೊಂಡದ್ದರ ಚಿತ್ರ. ನಮ್ಮ ಹೊಳೆದಂಡೆಯ ಹಳೆಯ ಮನೆಗಳಲ್ಲಿ ಮಳೆಗಾಲಕ್ಕೆಂದು ಅಟ್ಟವಿರುತ್ತದಲ್ಲ, ಕಾಜಿರಂಗಕ್ಕೆ ಕಾರ್ಬಿ ಬೆಟ್ಟ ಹಾಗೆ. ವರ್ಷದಲ್ಲಿ ಕೆಲವೇ ದಿನ ಹತ್ತುತ್ತಾರೆಂದು ಏಣಿಯನ್ನು ಕಡಿದುಹಾಕುವವರುಂಟೆ? ಆ ಏಣಿಗಳಿಗೆ ಹೆಸರುಗಳಿವೆ: ಪಾನಬಾರಿ, ಹಲ್ದಿಬಾರಿ, ಕಾಂಚನಜುರಿ, ಅಮಗುರಿ, ಹೀಗೆ ಒಂಬತ್ತು ಕಾರಿಡಾರ್‌ಗಳನ್ನು ಗುರುತಿಸಿದ್ದಾರೆ. 1996ರಲ್ಲೇ ಕೇಂದ್ರ ಸರ್ಕಾರ ಹತ್ತಿರದ ನುಮಾಲಿಗಢದ ತೈಲ ಶುದ್ಧೀಕರಣ ಕಾರ್ಖಾನೆಯ ಸುತ್ತ ಹದಿನೈದು ಕಿಲೋಮೀಟರ್ ಅಭಿವೃದ್ಧಿ ನಿಷಿದ್ಧ ವಲಯ ಸಾರಿತ್ತು. ಆದರೂ ಅದೇ ಕಾರ್ಖಾನೆಯ ವಸತಿ ಯೋಜನೆಯ ಗೋಡೆ ದೇವಪಹಾಡದ ಆನೆದಾರಿಗೆ ಅಡ್ಡವಾಗಿ ಎದ್ದಿತು. ಅದನ್ನು ಕೆಡವಿಸಲು ಹಸಿರು ನ್ಯಾಯಮಂಡಳಿಯಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2019ರ ಏಪ್ರಿಲ್‌ನಲ್ಲಿ ಅದೇ ಕೋರ್ಟು ಬೆಟ್ಟಗಳಿಂದ ಉದ್ಯಾನಕ್ಕೆ ಹರಿಯುವ ತೊರೆಗಳ ಪ್ರದೇಶದಲ್ಲಿ ಗಣಿಗಾರಿಕೆ ನಿಲ್ಲಿಸಿತು, ಒಂಬತ್ತು ಕಾರಿಡಾರ್‌ಗಳ ಖಾಸಗಿ ಜಮೀನಿನಲ್ಲಿ ಹೊಸ ಕಟ್ಟಡ ಕೂಡದೆಂದಿತು. ಗಡಿಯಾಚೆಯ ನೆಲವೂ ಕಾಜಿರಂಗದ ಅಂಗವೆಂದು ಕಾನೂನು ತಡವಾಗಿಯಾದರೂ ಒಪ್ಪಿಕೊಂಡಂತಾಯಿತು.

ಹೊರಟವಳು: ನಿಮ್ಮ ವಾದದಲ್ಲಿ ನನಗೆ ಭಯವಾಗುವುದು ಇಲ್ಲೇ, ಮೇಷ್ಟ್ರೇ. ಗಡಿಯಾಚೆಯ ನೆಲವೂ ಕಾಜಿರಂಗ ಎಂದಿರಿ. ಆ ನೆಲದಲ್ಲಿ ಜನ ಇದ್ದಾರೆ. 2016ರ ಸೆಪ್ಟೆಂಬರಿನಲ್ಲಿ ಉದ್ಯಾನದಂಚಿನ ಬಾಂದರದುಬಿಯಲ್ಲಿ ಹೈಕೋರ್ಟಿನ ಆದೇಶದ ಹೆಸರಿನಲ್ಲಿ ಮನೆಗಳನ್ನು ತೆರವು ಮಾಡಿದಾಗ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. 2010ರಿಂದ ಅರಣ್ಯ ಸಿಬ್ಬಂದಿಗೆ ಬಂದೂಕು ಬಳಕೆಯಲ್ಲಿ ಕಾನೂನಿನ ರಕ್ಷೆಯೂ ಸಿಕ್ಕಿದೆ. ಪ್ರಾಣಿಗೆ ಜಾಗ ಬೇಕೆಂದಾಗಲೆಲ್ಲ ಅದನ್ನು ಬಿಟ್ಟುಕೊಡುವವರು ಸಣ್ಣ ಹಿಡುವಳಿಯ ರೈತರು, ಕಾಗದಪತ್ರ ಸರಿಯಿಲ್ಲದವರು, ನದಿ ಕೊರೆದು ನೆಲ ಕಳೆದುಕೊಂಡು ಬಂದವರು. ಕೋಟೆಯ ವಾದ ಕ್ರೂರವೇ ಇರಬಹುದು, ಆದರೆ ಅದಕ್ಕೊಂದು ಗೆರೆಯಿದೆ. ಗೆರೆಯ ಈಚೆಗೆ ನಾನು ಸುರಕ್ಷಿತ ಎಂದು ರೈತನಿಗೆ ಗೊತ್ತಿರುತ್ತದೆ. ನೀವು ಗೆರೆಯನ್ನೇ ಅಳಿಸಿದರೆ ನಾಳೆ ಬೆಟ್ಟದ ಕಾರ್ಬಿ ಹಳ್ಳಿಯೂ ಉದ್ಯಾನವೇ, ಟೀ ತೋಟದ ಕೂಲಿ ಸಾಲೂ ಉದ್ಯಾನವೇ ಆಗುವುದಿಲ್ಲ ಎಂಬುದಕ್ಕೆ ಏನು ಖಾತರಿ?

ಮೇಷ್ಟ್ರು: ಇದು ನನ್ನ ವಾದದ ಅತಿ ಕಷ್ಟದ ಜಾಗ, ಹಗುರವಾಗಿ ದಾಟಿಹೋಗಲಾರೆ. 2016ರಲ್ಲಿ ಆದದ್ದನ್ನು ಸಮರ್ಥಿಸುವ ಮಾತು ನನ್ನಲ್ಲಿಲ್ಲ. ಆದರೆ ನೋಡಮ್ಮ, ಆ ತೆರವು ಹುಟ್ಟಿದ್ದು ಕೋಟೆಯ ತರ್ಕದಿಂದ: ಈ ಗೆರೆಯ ಒಳಗೆ ಪ್ರಾಣಿ, ಹೊರಗೆ ಮನುಷ್ಯ; ಉದ್ಯಾನಕ್ಕೆ ಹೊಸ ನೆಲ ಸೇರಿದಾಗಲೆಲ್ಲ ಅಲ್ಲಿದ್ದವರು ಅತಿಕ್ರಮಣಕಾರರು. ಕಾರಿಡಾರಿನ ಬೇಡಿಕೆ ಬೇರೆ ಜಾತಿಯದು. ಅದು ನೆಲದ ಒಡೆತನ ಕೇಳುವುದಿಲ್ಲ, ವರ್ಷದ ಕೆಲವು ದಿನ ಹಾದುಹೋಗುವ ಹಕ್ಕು ಕೇಳುತ್ತದೆ. ಭತ್ತದ ಗದ್ದೆ ಗದ್ದೆಯಾಗಿಯೇ ಇರಬಹುದು, ಟೀ ತೋಟ ತೋಟವಾಗಿಯೇ ಇರಬಹುದು. ಆನೆಯಾಗಲಿ ಖಡ್ಗಮೃಗವಾಗಲಿ ಅವೆರಡನ್ನೂ ದಾಟಬಲ್ಲವು. ಅವಕ್ಕೆ ದಾಟಲಾಗದ್ದು ಕಾಂಪೌಂಡು ಗೋಡೆ, ಮಹಡಿ ಕಟ್ಟಡಗಳ ಸಾಲು, ಕಲ್ಲುಕ್ವಾರಿಯ ಹೊಂಡ, ಮುಳ್ಳುತಂತಿ, ಎಡೆಬಿಡದ ಲಾರಿ ಸಾಲು. ಈ ಪಟ್ಟಿಯಲ್ಲಿ ಬಡ ರೈತ ಕಟ್ಟಿದ್ದು ಯಾವುದಿದೆ ಎಂದು ನೀನೇ ಹುಡುಕು. ರೈತನಿಂದ ಕೇಳುವ ತ್ಯಾಗ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ: ಬೆಳೆ ತುಳಿದುಹೋಗುತ್ತದೆ, ಗೋಡೆ ಬೀಳುತ್ತದೆ, ಜೀವಕ್ಕೂ ಅಪಾಯವಿದೆ, ಕಾರಿಡಾರಿನೊಳಗಿನ ಜಮೀನಿಗೆ ಬೆಲೆ ಏರುವುದಿಲ್ಲ. ಹಾಗಾದರೆ ಹಾದುಹೋಗುವ ಹಕ್ಕಿಗೆ ಬಾಡಿಗೆ ಕೊಡಬೇಕು. ಬೆಳೆ ಹಾನಿಯಾದಮೇಲೆ ಅರ್ಜಿ ಹಿಡಿದು ಅಲೆಸುವ ಪರಿಹಾರ ಸಾಲದು. ಜಮೀನನ್ನು ತೆರೆದಿಟ್ಟಿದ್ದಕ್ಕೇ ವರ್ಷಕ್ಕಿಷ್ಟು ಎಂದು ಮುಂಗಡ ಸಲ್ಲಬೇಕು. ನೀನು ಕೇಳಿದ ಖಾತರಿ ಬರಹದಲ್ಲೇ ಇರಬೇಕು: ಇದು ದಾರಿ, ಇದನ್ನು ಉದ್ಯಾನಕ್ಕೆ ಸೇರಿಸುವುದಿಲ್ಲ ಎಂದು. ಬೆಟ್ಟದ ಮಾತೂ ಹಾಗೆಯೇ. ಕಾರ್ಬಿ ಆಂಗ್ಲಾಂಗ್ ಸಂವಿಧಾನದ ಆರನೆಯ ಅನುಸೂಚಿಯ ಸ್ವಾಯತ್ತ ಪ್ರದೇಶ. ಅಲ್ಲಿನ ನೆಲದ ಮೇಲೆ ಅಲ್ಲಿನ ಮಂಡಳಿಗೆ ಅಧಿಕಾರವಿದೆ. ರಸ್ತೆ ದಾಟಿದ ಆನೆ ಒಂದು ಆಡಳಿತದಿಂದ ಇನ್ನೊಂದು ಆಡಳಿತಕ್ಕೆ ಕಾಲಿಡುತ್ತದೆ. ಆ ಜನರ ಒಪ್ಪಿಗೆಯಿಲ್ಲದೆ ಬೆಟ್ಟ ಉಳಿಯದು. ಒಪ್ಪಿಗೆ ಬೇಕೆಂದರೆ ಕಾಜಿರಂಗದ ಆದಾಯದಲ್ಲಿ ಅವರಿಗೆ ಪಾಲಿರಬೇಕು.

ಹೊರಟವಳು: ಬಾಡಿಗೆಯ ಮಾತು ಒಪ್ಪಬಹುದು, ಕೊಡುವ ಸರ್ಕಾರ ಸಿಕ್ಕರೆ. ಆದರೆ ಈಗ ರಸ್ತೆಯನ್ನೇ ಮೇಲೆತ್ತುವ ಯೋಜನೆ ಬಂದಿದೆಯಲ್ಲ. 2025ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಕಲಿಯಾಬೋರ್‌ನಿಂದ ನುಮಾಲಿಗಢದವರೆಗಿನ ಹೆದ್ದಾರಿಯನ್ನು ಅಗಲ ಮಾಡಲು ಒಪ್ಪಿತು; ಅದರಲ್ಲಿ ಮೂವತ್ತನಾಲ್ಕು ಕಿಲೋಮೀಟರಿನಷ್ಟು ಕಂಬಗಳ ಮೇಲೆ ಹೋಗುತ್ತದಂತೆ. ಕೆಳಗೆ ಪ್ರಾಣಿ, ಮೇಲೆ ಲಾರಿ. ನಿಮ್ಮ ಏಣಿ ಸಿಕ್ಕಿತಲ್ಲ? ವಿಚಿತ್ರವೆಂದರೆ ನಮ್ಮ ಬಂಡೀಪುರದಲ್ಲಿ ಇದೇ ಮೇಲ್ಸೇತುವೆಯ ಪ್ರಸ್ತಾಪ ಬಂದಾಗ ಕರ್ನಾಟಕ ಬೇಡವೆಂದಿತು. 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ನಿಲ್ಲಿಸಿದ್ದೇ ಸಾಕು ಎಂದಿತು. ಅಲ್ಲಿ ಬೇಡವಾದದ್ದು ಇಲ್ಲಿ ಹೇಗೆ ಸರಿ?

ಮೇಷ್ಟ್ರು: ಎರಡು ಕಾಡುಗಳ ಗುಣ ಬೇರೆ, ಅದಕ್ಕೇ ಮದ್ದೂ ಬೇರೆ. ಬಂಡೀಪುರದ ರಸ್ತೆ ಕಾಡಿನ ಎದೆಯನ್ನೇ ಸೀಳಿಕೊಂಡು ಹೋಗುತ್ತದೆ. ಅಲ್ಲಿ ಕಂಬ ನಿಲ್ಲಿಸುವುದೆಂದರೆ ವರ್ಷಗಟ್ಟಲೆ ಕಾಡಿನ ನಡುವೆ ಯಂತ್ರಗಳ ಗದ್ದಲ. ಕುಟ್ಟದ ಕಡೆಯಿಂದ ಬಳಸುದಾರಿ ಇದ್ದದ್ದರಿಂದ ರಾತ್ರಿ ಮುಚ್ಚುವುದೂ ಸಾಧ್ಯವಾಯಿತು. ಕಾಜಿರಂಗದ ಹೆದ್ದಾರಿ ಉದ್ಯಾನದ ಅಂಚಿನಲ್ಲಿದೆ, ಮೇಲಣ ಅಸ್ಸಾಮಿಗೆ ಮುಖ್ಯ ದಾರಿ ಅದು. ಅದಕ್ಕಿಂತ ಮುಖ್ಯವಾಗಿ, ನೆರೆಗೆ ಗಡಿಯಾರವಿಲ್ಲ. ನೀರು ಮಧ್ಯಾಹ್ನ ಏರಿದರೆ ಪ್ರಾಣಿ ಮಧ್ಯಾಹ್ನವೇ ದಾಟಬೇಕು, ರಾತ್ರಿ ನಿಷೇಧದಿಂದ ಅದಕ್ಕೆ ಆಗುವ ಉಪಕಾರ ಅರ್ಧಂಬರ್ಧ. ನೆರೆ ಬಂದಾಗ ಈಗ ವಾಹನಗಳಿಗೆ ಗಂಟೆಗೆ ನಲವತ್ತು ಕಿಲೋಮೀಟರ್ ಮಿತಿ ಹಾಕಿ, ಎರಡು ಕೊನೆಯಲ್ಲೂ ಸಮಯ ಬರೆದ ಚೀಟಿ ಕೊಟ್ಟು ವೇಗ ಹಿಡಿಯುತ್ತಾರೆ. ಅದು ತಾತ್ಕಾಲಿಕ ಶಮನ. ಆದ್ದರಿಂದ ಮೇಲೆತ್ತಿದ ರಸ್ತೆ ಕಾಜಿರಂಗದ ಮಟ್ಟಿಗೆ ಯುಕ್ತವೇ ಎನ್ನುತ್ತೇನೆ. ಆದರೆ ಏಣಿ ಸಿಕ್ಕಿತೆಂದು ಈಗಲೇ ಹೇಳಬೇಡ. ರಸ್ತೆ ಎತ್ತಿದರೆ ಒಂದು ಅಡ್ಡಿ ಕಳೆಯುತ್ತದೆ, ಅಷ್ಟೇ. ಕಂಬಗಳ ನಡುವೆ ನುಸುಳಿ ಬಂದ ಆನೆಗೆ ಮುಂದಿನ ನೂರು ಮೀಟರಿನಲ್ಲಿ ರೆಸಾರ್ಟಿನ ಗೋಡೆ ಎದುರಾದರೆ, ಅದರಾಚೆ ಕ್ವಾರಿ ಬಾಯ್ತೆರೆದಿದ್ದರೆ, ಸಾವಿರಾರು ಕೋಟಿಯ ಸೇತುವೆಯ ಅಡಿಯಲ್ಲಿ ಅದು ದಿಕ್ಕುತಪ್ಪಿ ನಿಲ್ಲುತ್ತದೆ. ಅಗಲವಾದ ರಸ್ತೆ ಇನ್ನಷ್ಟು ವಾಹನ ತರುತ್ತದೆ, ವಾಹನದ ಹಿಂದೆ ಜಮೀನಿನ ವ್ಯಾಪಾರ ಬರುತ್ತದೆ. ಸೇತುವೆಯ ಜೊತೆಗೆ ಒಂಬತ್ತು ಕಾರಿಡಾರ್‌ಗಳ ಎರಡೂ ಬದಿಯನ್ನು ಭದ್ರ ಮಾಡಿಕೊಳ್ಳದಿದ್ದರೆ, ವನ್ಯಜೀವಿಯ ಹೆಸರಿನಲ್ಲಿ ಕಟ್ಟಿದ ರಸ್ತೆಯೇ ಅದರ ದಾರಿಗೆ ಮುಳುವಾದೀತು.

ಹೊರಟವಳು: ರೆಸಾರ್ಟಿನ ಗೋಡೆ ಎಂದಿರಲ್ಲ, ಅದರೊಳಗೆ ಮಲಗುವವರಲ್ಲಿ ನಾನೂ ಒಬ್ಬಳು. ಈಗೀಗ ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜನ ಕಾಜಿರಂಗಕ್ಕೆ ಬರುತ್ತಿದ್ದಾರೆ. ನಿಮ್ಮ ವಾದದ ಕೊನೆ ‘ಹೋಗಬೇಡ’ ಎಂದೇ ಆಗಬೇಕಲ್ಲವೆ? 2025ರ ನವೆಂಬರಿನಲ್ಲಿ ಹುಲಿ ದಾಳಿಗಳ ನಂತರ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿ ನಿಲ್ಲಿಸಿದಾಗ ಕೆಲವರು ಒಳ್ಳೆಯದಾಯಿತೆಂದರು. ಜೀಪು ಓಡಿಸುವವರು, ರೂಮು ಗುಡಿಸುವವರು ಹೊಟ್ಟೆಗೇನು ಮಾಡಬೇಕೆಂದು ಇನ್ನು ಕೆಲವರು ಕೇಳಿದರು. ನೀವು ಯಾವ ಕಡೆ?

ಮೇಷ್ಟ್ರು: ಹೋಗಬೇಡ ಎನ್ನುವುದಿಲ್ಲ. ಕೊಹೊರಾದ ಸುತ್ತಿನ ಯುವಕರು ಜೀಪು ಓಡಿಸಿ, ಗೈಡಾಗಿ, ಊಟದ ಮನೆ ನಡೆಸಿ ಬದುಕುತ್ತಿರುವ ತನಕ ಕೊಂಬಿನ ದಲ್ಲಾಳಿಗೆ ಅಲ್ಲಿ ಜೊತೆಗಾರರು ಸಿಗುವುದು ಕಷ್ಟ. ಪ್ರವಾಸಿಯ ದುಡ್ಡು ಕಾವಲಿನ ಒಂದು ಬಗೆಯೇ ಸರಿ. ತೊಂದರೆಯಿರುವುದು ದುಡ್ಡು ಬೀಳುವ ಜಾಗದಲ್ಲಿ. ಪ್ರಾಣಿ ತುಳಿಯುವುದು ಕಾರಿಡಾರಿನಲ್ಲಿ ಗದ್ದೆ ಇಟ್ಟವನ ಬೆಳೆ, ಲಾಭ ಸೇರುವುದು ದಾರಿಗೆ ಅಡ್ಡ ಕಟ್ಟಿದವನ ಪೆಟ್ಟಿಗೆಗೆ. ಪ್ರವಾಸೋದ್ಯಮ ತನ್ನ ಬಂಡವಾಳವನ್ನೇ ತಿನ್ನುವುದೆಂದರೆ ಇದು. ಸರ್ಕಾರ ಪ್ರತಿ ಟಿಕೆಟ್ಟಿನ ಮೇಲೆ ಕಾರಿಡಾರಿನ ಪಾಲು ಹಾಕಿ, ಅದನ್ನು ದಾರಿ ತೆರೆದಿಟ್ಟ ಕುಟುಂಬಗಳಿಗೆ ನೇರ ತಲುಪಿಸಿದರೆ ಈ ಲೆಕ್ಕ ಸರಿಹೋಗಲು ಶುರುವಾಗುತ್ತದೆ. ಅದಾಗುವವರೆಗೂ ನಿನ್ನ ಕೈಯಲ್ಲಿರುವುದು ಸಣ್ಣದು, ಆದರೆ ಇಲ್ಲವೆಂದಲ್ಲ. ತಂಗುವ ಜಾಗ ಕಾರಿಡಾರಿನ ಮೇಲಿದೆಯೋ ಎಂದು ಬುಕ್ ಮಾಡುವ ಮುಂಚೆ ಕೇಳು. ಊರಿನವರು ನಡೆಸುವ ಮನೆವಾಸ್ತವ್ಯ ಸಿಕ್ಕರೆ ಅದನ್ನು ಆರಿಸು. ಎರಡು ಸಫಾರಿಯ ನಡುವಿನ ದಿನ ರಸ್ತೆಯ ದಕ್ಷಿಣಕ್ಕೂ ಹೋಗಿ ನೋಡು. ಖಡ್ಗಮೃಗ, ಆನೆ, ಹುಲಿ, ಕಾಡುನೀರೆಮ್ಮೆ, ಬಾರಸಿಂಗ ಎಂದು ಐದು ದೊಡ್ಡ ಪ್ರಾಣಿಗಳ ಪಟ್ಟಿ ಹಿಡಿದು ಟಿಕ್ ಹಾಕಿಕೊಂಡು ಬರುವವರೇ ಹೆಚ್ಚು. ಆ ಐದೂ ನೆರೆಯಲ್ಲಿ ಎಲ್ಲಿಗೆ ಹೋಗುತ್ತವೆ ಎಂದು ಗೈಡನ್ನು ಕೇಳುವವರು ಕಡಿಮೆ. ಕೇಳುವವರು ಹೆಚ್ಚಾದರೆ ಹೇಳುವುದೂ ಅವರ ವೃತ್ತಿಯ ಭಾಗವಾಗುತ್ತದೆ.

ಹೊರಟವಳು: ಒಂದು ಮಾತು ಉಳಿದಿದೆ. ಬೆಟ್ಟಕ್ಕೆ ದಾರಿ ಬೇಕೆಂಬುದನ್ನು ಒಪ್ಪಿದೆ. ಅದನ್ನು ಜನರ ಒಪ್ಪಿಗೆಯಿಂದಲೇ ಪಡೆಯಬಹುದೆಂಬ ನಿಮ್ಮ ಭರವಸೆಯನ್ನು ಇನ್ನೂ ಪೂರ್ತಿ ಒಪ್ಪಲಾರೆ. ಬಾಡಿಗೆ ನಿಂತ ವರ್ಷ ಏನಾಗುತ್ತದೆ? ಜಮೀನಿನ ಬೆಲೆ ಬಾಡಿಗೆಗಿಂತ ಹತ್ತುಪಟ್ಟು ಏರಿದಾಗ ರೈತ ಮಾರದೆ ಉಳಿಯುತ್ತಾನೆಯೆ? ಕಾವಲಿಗೆ ಆದರೆ ಅಳತೆಯಿದೆ: ವರ್ಷಕ್ಕೆ ಎಷ್ಟು ಸತ್ತವು, ನಾಲ್ಕು ವರ್ಷಕ್ಕೆ ಎಷ್ಟು ಹೆಚ್ಚಿದವು. ನಿಮ್ಮ ದಾರಿಗಳಿಗೆ ಅಂಥ ಅಳತೆ ಇಲ್ಲದಿರುವುದರಿಂದಲೇ ಅವು ಸದ್ದಿಲ್ಲದೆ ಮುಚ್ಚಿಹೋಗುತ್ತವೆ.

ಮೇಷ್ಟ್ರು: ಹಾಗಾದರೆ ಅಳತೆ ಮಾಡುವುದೇ ಮೊದಲ ಕೆಲಸ, ನಿನ್ನ ಆಕ್ಷೇಪದಲ್ಲೇ ಅದರ ಉತ್ತರವೂ ಇದೆ. 2015ರಲ್ಲಿ 2401, 2018ರಲ್ಲಿ 2413, 2022ರಲ್ಲಿ 2613 ಎಂದು ಖಡ್ಗಮೃಗಗಳನ್ನು ತಲೆತಲೆ ಎಣಿಸುವ ಇಲಾಖೆಗೆ ಒಂಬತ್ತು ದಾರಿಗಳನ್ನು ಎಣಿಸುವುದು ಅಸಾಧ್ಯವೇನಲ್ಲ. ಪ್ರತಿ ಗಣತಿಯ ವರದಿಯಲ್ಲೂ ಪ್ರಾಣಿಯ ಸಂಖ್ಯೆಯ ಪಕ್ಕದಲ್ಲೇ ಅಚ್ಚಾಗಲಿ: ಪಾನಬಾರಿಯ ಅಗಲ ಈಗ ಎಷ್ಟು ಮೀಟರ್, ಹಲ್ದಿಬಾರಿಯಲ್ಲಿ ಎಷ್ಟು ಹೊಸ ಗೋಡೆ ಎದ್ದವು, ದಾರಿ ಬಿಟ್ಟ ಎಷ್ಟು ಕುಟುಂಬಗಳಿಗೆ ಈ ವರ್ಷದ ಹಣ ತಲುಪಿತು. ಬಾಡಿಗೆ ನಿಂತರೆ ಆ ವರ್ಷದ ವರದಿಯಲ್ಲೇ ಗೊತ್ತಾಗಲಿ. ಬೆಲೆ ಏರಿ ಮಾರುವ ಸ್ಥಿತಿ ಬಂದರೆ ಮೊದಲು ಕೊಳ್ಳುವ ಅವಕಾಶ ಸರ್ಕಾರಕ್ಕಿರಲಿ, ಕೊಳ್ಳದಿದ್ದರೆ ಅದನ್ನೂ ಬರೆಯಲಿ. ಖಡ್ಗಮೃಗ ಒಂದು ಸತ್ತರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಅಧಿಕಾರಿ ಉತ್ತರ ಕೊಡಬೇಕಾಗುತ್ತದೆ. ದಾರಿ ಒಂದು ಮುಚ್ಚಿದರೆ ಉತ್ತರ ಕೊಡಬೇಕಾದವರು ಯಾರೆಂದು ಇವತ್ತು ಯಾವ ಕಡತದಲ್ಲೂ ಸ್ಪಷ್ಟವಿಲ್ಲ. ಆ ಒಂದು ಹೆಸರನ್ನು ಕಡತದಲ್ಲಿ ಬರೆಸುವುದು ಇನ್ನೂ ನೂರು ಕಾವಲುಗಾರರನ್ನು ನೇಮಿಸುವುದಕ್ಕಿಂತ ಅಗ್ಗ, ಕಾಜಿರಂಗಕ್ಕೆ ಅದರಿಂದ ಆಗುವ ಲಾಭ ಅದಕ್ಕಿಂತ ದೊಡ್ಡದು.